ಗೋದಾವರಿಯ ಉತ್ತರಕ್ಕೊಂದು ಕನ್ನಡ ತರಗತಿ: ಪಠ್ಯಕ್ರಮ ರಚನೆಯ ಕೆಲವು ಪ್ರಶ್ನೆಗಳು

1

ಯಾವ ಕೃತಿಯನ್ನು ಓದಿಸಬೇಕು, ಯಾವುದನ್ನು ಬಿಡಬೇಕು, ಯಾವುದರ ನಂತರ ಯಾವುದು ಬರಬೇಕು ಎಂದು ನಿರ್ಧರಿಸುವವರು ವಿಮರ್ಶಕರ ಕೆಲಸವನ್ನೇ ಮಾಡುತ್ತಿರುತ್ತಾರೆ. ಆದರೆ ಕೃತಿವಿಮರ್ಶೆಗೆ ಸಂದಷ್ಟು ಗಮನ ಪಠ್ಯಕ್ರಮದ ವಿಮರ್ಶೆಗೆ ನಮ್ಮಲ್ಲಿ ಸಂದಿಲ್ಲ. ಕರ್ನಾಟಕದ ಹೊರಗೆ ಕನ್ನಡವನ್ನು ಬೋಧಿಸುವವರಿಗೆ ಈ ಕೊರತೆ ಹೆಚ್ಚು ಬಾಧಕವಾಗಿ ಪರಿಣಮಿಸಿದೆ.

ಮಹಾರಾಷ್ಟ್ರದಲ್ಲಿ ಕನ್ನಡ ಬೋಧನೆಗೆ ಗಟ್ಟಿಯಾದ ನೆಲೆಗಳಿವೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಲ್ಲಿ ಆರಂಭವಾಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶಗಳಲ್ಲಿ ಕನ್ನಡ ಮನೆಮಾತಾಗಿರುವ ವಿದ್ಯಾರ್ಥಿಗಳಿದ್ದಾರೆ. ಅಲ್ಲಿ ಕರ್ನಾಟಕದ ಪಠ್ಯಕ್ರಮವನ್ನು ಅಲ್ಪಸ್ವಲ್ಪ ತಿದ್ದಿ ಬಳಸಿದರೂ ಕೆಲಸ ಸಾಗುತ್ತದೆ. ನಾಸಿಕ ಜಿಲ್ಲೆಯ ಬಾಗಲಾಣ ಸೀಮೆಯ ಸಟಾಣಾದಂಥ ಊರಿನ ಸ್ಥಿತಿ ಬೇರೆ. ಅಲ್ಲಿಯ ವಿದ್ಯಾರ್ಥಿ ಮನೆಯಲ್ಲಿ ಅಹಿರಾಣಿಯನ್ನೋ ಮರಾಠಿಯನ್ನೋ ಆಡುವವನು; ಕನ್ನಡದ ಅಕ್ಷರವನ್ನೂ ಕಂಡಿರಲಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಪದವಿ ತರಗತಿಗಳಲ್ಲಿ ಮುಖ್ಯ ವಿಷಯದ ಹೊರಗಿನ ಕಿರುಪತ್ರಿಕೆಗಳಿಗೆ ಅವಕಾಶ ಹೆಚ್ಚಿದೆ. ಅಂಥ ವಿದ್ಯಾರ್ಥಿಗೆ ಕನ್ನಡ ಸಂಸ್ಕೃತಿಯನ್ನು ಕುರಿತ ಎರಡು ಕ್ರೆಡಿಟ್ಟುಗಳ, ಎಂದರೆ ಮೂವತ್ತು ತಾಸುಗಳ, ಪತ್ರಿಕೆಯೊಂದನ್ನು ರೂಪಿಸಬೇಕಾದರೆ ಅದು ಹೇಗಿರಬೇಕು? ಈ ಕಲ್ಪಿತ ಪತ್ರಿಕೆಯನ್ನು ಒರೆಗಲ್ಲಾಗಿಟ್ಟುಕೊಂಡು ನಮ್ಮ ರೂಢಿಯ ಕ್ರಮವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ರೂಢಿಯ ಕ್ರಮ ಎಲ್ಲರಿಗೂ ತಿಳಿದದ್ದೇ. ಅದು 'ಕವಿರಾಜಮಾರ್ಗ'ದಿಂದ ಹೊರಟು ಪಂಪ, ರನ್ನ, ವಚನ, ಕುಮಾರವ್ಯಾಸ, ದಾಸಸಾಹಿತ್ಯಗಳನ್ನು ಹಾದು ನವೋದಯ, ನವ್ಯಗಳಲ್ಲಿ ಮುಗಿಯುತ್ತದೆ. ಮೂವತ್ತು ತಾಸುಗಳಲ್ಲಿ ಇದನ್ನು ಪೂರೈಸಿದಾಗ ಉಳಿಯುವುದು ಹೆಸರು ಮತ್ತು ತೇದಿಗಳ ಸರಣಿ ಮಾತ್ರ. ಪರೀಕ್ಷೆಯೂ ಅದನ್ನೇ ಕೇಳುತ್ತದೆ. ಸಾಂಸ್ಕೃತಿಕ ಪರಿಚಯವೆಂದು ಉದ್ದೇಶವನ್ನು ಬರೆದು, ಕಾಲಾನುಕ್ರಮದ ಚರಿತ್ರೆಯನ್ನು ಬೋಧಿಸಿ, ನೆನಪಿನ ಶಕ್ತಿಯನ್ನು ಪರೀಕ್ಷಿಸುವ ಪಠ್ಯಕ್ರಮದಲ್ಲಿ ಈ ಮೂರೂ ಅಂಗಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಿಲ್ಲುತ್ತವೆ.

ಇದಕ್ಕಿಂತ ಗಂಭೀರವಾದ ತೊಡಕು ಮೊದಲ ಪಾಠದಲ್ಲಿಯೇ ಇದೆ. ಮಹಾರಾಷ್ಟ್ರದಲ್ಲಿ ಕನ್ನಡವನ್ನು ಕುರಿತು ಮಾತಾಡುವಾಗ 'ಕವಿರಾಜಮಾರ್ಗ'ವು ಗೋದಾವರಿಯನ್ನು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಹೇಳಿದ ಮಾತನ್ನು ಉಲ್ಲೇಖಿಸುವುದು ನಮಗೆ ಅಭ್ಯಾಸವಾಗಿದೆ. 1967ರ ಮಹಾಜನ ವರದಿಯ ನಂತರವೂ ಗಡಿವಿವಾದ ಜೀವಂತವಾಗಿರುವ ರಾಜ್ಯದ ತರಗತಿಯಲ್ಲಿ ಒಂಬತ್ತನೆಯ ಶತಮಾನದ ಆ ಮಾತು ಇಂದಿನ ಹಕ್ಕೊತ್ತಾಯದಂತೆ ಕೇಳಿಸುತ್ತದೆ. ಸಟಾಣಾದ ಮಟ್ಟಿಗಂತೂ ಅದು ಭೌಗೋಳಿಕವಾಗಿಯೂ ಹೊಂದುವುದಿಲ್ಲ. ಊರ ಪಕ್ಕದ ಆರಮ್ ಹೊಳೆ ಗಿರಣಾ ನದಿಯನ್ನು, ಗಿರಣಾ ತಾಪಿಯನ್ನು ಸೇರುತ್ತದೆ. ಗೋದಾವರಿಯ ಉತ್ತರಕ್ಕಿರುವ ವಿದ್ಯಾರ್ಥಿ ಶ್ರೀವಿಜಯನ ಎಲ್ಲೆಯ ಹೊರಗೇ ಕುಳಿತಿದ್ದಾನೆ.

ಆದರೆ ಅದೇ ಗ್ರಂಥದಲ್ಲಿ ಆತನಿಗೆ ಬೇರೊಂದು ಬಾಗಿಲು ತೆರೆದಿದೆ. ಶ್ರೀವಿಜಯನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಗುರುತಿಸುತ್ತಾನೆ. ಜೊತೆಗೆ ದೇಸಿಭೇದಗಳು ಲೆಕ್ಕಕ್ಕೆ ಸಿಗದಷ್ಟಿವೆ ಎಂದೂ ಒಪ್ಪಿಕೊಳ್ಳುತ್ತಾನೆ. ತಿರುಳೆಂದು ಯಾರು ಹೇಳಬೇಕು, ಉಳಿದ ನುಡಿಗಳ ಗತಿಯೇನು ಎಂಬ ಪ್ರಶ್ನೆ ಇಲ್ಲಿದೆ. ಮನೆಯಲ್ಲಿ ಅಹಿರಾಣಿ ಆಡಿ ಶಾಲೆಯಲ್ಲಿ ಪ್ರಮಾಣ ಮರಾಠಿ ಬರೆದ ವಿದ್ಯಾರ್ಥಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಎಲ್ಲೆಯ ಪದ್ಯದ ಬದಲು ದೇಸಿಯ ಚರ್ಚೆಯಿಂದ ಪತ್ರಿಕೆಯನ್ನು ಆರಂಭಿಸಬೇಕೆಂಬುದು ನನ್ನ ಮೊದಲ ಸೂಚನೆ.

3

ಎರಡನೆಯ ಸೂಚನೆ ಸ್ಥಳೀಯ ಸಾಮಗ್ರಿಯನ್ನು ಕುರಿತದ್ದು. ರಾಷ್ಟ್ರಕೂಟ ಮೂರನೆಯ ಗೋವಿಂದನ ಶಾಸನಗಳಲ್ಲಿ ಬರುವ ಮಯೂರಖಂಡಿಯನ್ನು ವಿದ್ವಾಂಸರು ನಾಸಿಕ ಜಿಲ್ಲೆಯ ಮಾರ್ಕಿಂಡಾದೊಂದಿಗೆ ಗುರುತಿಸಿದ್ದಾರೆ. ಅಲ್ಲಿಂದ ಹೊರಟ ಆತನ ತಾಮ್ರಪಟವೊಂದು ದಿಂಡೋರಿ ತಾಲೂಕಿನ ವಣಿಯಲ್ಲಿ ದೊರೆತಿದೆ. ಅದರ ಭಾಷೆ ಸಂಸ್ಕೃತ. ಛತ್ರಪತಿ ಸಂಭಾಜಿನಗರದ ಬಳಿಯ ವೇರೂಳಿನಲ್ಲಿ, ಎಂದರೆ ಎಲ್ಲೋರಾದಲ್ಲಿ, 15ನೆಯ ಗುಹೆಯ ದಂತಿದುರ್ಗನ ಶಾಸನವೂ ಸಂಸ್ಕೃತದ್ದೇ. ಒಂದನೆಯ ಕೃಷ್ಣನ ಕೈಲಾಸವನ್ನು ತೋರಿಸಿ 'ಇದು ಕನ್ನಡಿಗರದು' ಎಂದು ಹೇಳಿ ಮುಗಿಸುವ ಅಧ್ಯಾಪಕರು ಈ ಸಂಗತಿಯನ್ನು ಮರೆಮಾಚಬಾರದು. ಅಲ್ಲಿಯ ಜೈನ ಗುಹೆಗಳ ಕಂಬಗಳಲ್ಲಿ ಹಳೆಗನ್ನಡ ಲಿಪಿಯ ಸವೆದ ಕಿರುಬರಹಗಳನ್ನು ಹಿಂದೆಯೇ ಗುರುತಿಸಲಾಗಿದೆ. ರಾಜನ ದಾನಕ್ಕೆ ಒಂದು ಭಾಷೆ, ಭಕ್ತನ ಗುರುತಿಗೆ ಮತ್ತೊಂದು ಏಕೆ ಎಂದು ವಿದ್ಯಾರ್ಥಿ ಕೇಳುವಂತಾದರೆ ಸ್ಥಳಭೇಟಿ ಸಾರ್ಥಕ.

ಮಾಂಗೀ-ತುಂಗೀ ಸಟಾಣಾದ ತಾಲೂಕಿನಲ್ಲಿಯೇ ಇರುವ ಜೈನಕ್ಷೇತ್ರ. 2016ರಲ್ಲಿ ಅಲ್ಲಿ ಪ್ರತಿಷ್ಠಾಪಿತವಾದ ವೃಷಭದೇವನ 108 ಅಡಿಯ ವಿಗ್ರಹವನ್ನು ಕಾಣದ ವಿದ್ಯಾರ್ಥಿ ಆ ಸೀಮೆಯಲ್ಲಿ ವಿರಳ. 941ರಲ್ಲಿ ಪಂಪ ರಚಿಸಿದ 'ಆದಿಪುರಾಣ'ದ ನಾಯಕ ಈ ವೃಷಭದೇವನೇ. ಅದಕ್ಕೆ ಆಧಾರ, ಅಮೋಘವರ್ಷನ ಕಾಲದ ಜಿನಸೇನರ ಸಂಸ್ಕೃತ ಮಹಾಪುರಾಣ. ಕರ್ನಾಟಕದ ತರಗತಿಗಳಲ್ಲಿ ದೀರ್ಘ ಪೀಠಿಕೆಯನ್ನು ಬೇಡುವ ಪಂಪ ಇಲ್ಲಿ ಕಣ್ಣೆದುರಿನ ಬೆಟ್ಟದಿಂದಲೇ ಇಳಿದು ಬರುತ್ತಾನೆ.

ಪದಗಳ ನಂಟಂತೂ ಮೊದಲ ದಿನದಿಂದಲೇ ಬಳಕೆಗೆ ಬರುತ್ತದೆ. ಮರಾಠಿಯ ತೂಪ್, ಅಡಕಿತ್ತಾ, ಅಣ್ಣಾ, ಅಕ್ಕಾ ಎಂಬವುಗಳ ಹಿಂದೆ ತುಪ್ಪ, ಅಡಕತ್ತರಿ, ಅಣ್ಣ, ಅಕ್ಕ ಇವೆ. ಪೇಶವೆಗಳ ಕಾಲದಲ್ಲಿ ಉತ್ತರ ಕರ್ನಾಟಕದ ಕಡತಗಳು ಮೋಡಿಯಲ್ಲಿ ಬರೆಯಲ್ಪಟ್ಟುದನ್ನೂ ಜೊತೆಗೇ ಹೇಳಬೇಕು. ಋಣ ಎರಡೂ ಕಡೆಗಿದೆ ಎಂದು ತೋರದ ಪಾಠವನ್ನು ಮರಾಠಿ ವಿದ್ಯಾರ್ಥಿ ನಂಬಲಾರ. ಶಂ. ಬಾ. ಜೋಶಿಯವರ 'ಕಂನುಡಿಯ ಹುಟ್ಟು' ಮೊದಲಾದ ಶೋಧಗಳನ್ನೂ, ವಿಠ್ಠಲನನ್ನು ಕುರಿತ ರಾ. ಚಿಂ. ಢೇರೆಯವರ ಮರಾಠಿ ಸಂಶೋಧನೆಯನ್ನೂ ಚರ್ಚಾಸ್ಪದ ವಾದಗಳೆಂದೇ ಮುಂದಿಡಬೇಕು.

4

ಹಾಗಾದರೆ ಮೂವತ್ತು ತಾಸುಗಳ ಹಂಚಿಕೆ ಹೀಗಿರಬಹುದು: ಪದಗಳು ಮತ್ತು ದೇಸಿಯ ಪ್ರಶ್ನೆಗೆ 8, ಶಾಸನ ಹಾಗೂ ಗುಹೆಗಳಿಗೆ 8, 'ಆದಿಪುರಾಣ'ದ ಭರತ-ಬಾಹುಬಲಿ ಪ್ರಸಂಗಕ್ಕೆ 7, ವಚನ ಮತ್ತು ಅಭಂಗಗಳ ಸಹವಾಚನಕ್ಕೆ 7. ಕುಮಾರವ್ಯಾಸನೂ ಆಧುನಿಕ ಸಾಹಿತ್ಯವೂ ಇಲ್ಲಿ ಬಿಟ್ಟುಹೋಗುತ್ತವೆ. ಇದು ನೋವಿನ ಆಯ್ಕೆಯೇ ಸರಿ. ಆದರೆ ಎಲ್ಲವನ್ನೂ ಹೆಸರಿಸಿ ಯಾವುದನ್ನೂ ಓದಿಸದಿರುವುದಕ್ಕಿಂತ ಇದು ಲೇಸು. ಪರೀಕ್ಷೆಯಲ್ಲಿ ಕವಿಯ ಕಾಲವನ್ನು ಕೇಳುವ ಬದಲು, ಊರಿನ ಹತ್ತು ಪದಗಳನ್ನೋ ಒಂದು ಗುಹೆಯನ್ನೋ ಕುರಿತು ವಿದ್ಯಾರ್ಥಿಯೇ ಬರೆದ ಟಿಪ್ಪಣಿಗೆ ಅರ್ಧದಷ್ಟು ಅಂಕ ಮೀಸಲಾಗಬೇಕು.

ಅನುವಾದದಲ್ಲಿ ಪಂಪನನ್ನು ಓದಿದರೆ ಕನ್ನಡವೇ ಕಳೆದುಹೋಗುವುದಿಲ್ಲವೆ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಅದಕ್ಕೆ ಪೂರ್ಣ ಪರಿಹಾರ ನನ್ನಲ್ಲಿಲ್ಲ. ಒಂದೆರಡು ವೃತ್ತಗಳನ್ನಾದರೂ ದೇವನಾಗರಿ ಲಿಪ್ಯಂತರದಲ್ಲಿಟ್ಟು ಗಟ್ಟಿಯಾಗಿ ಓದಿಸಬಹುದು. ಆಗ ಸಂಸ್ಕೃತ ಸಮಾಸಗಳು ಮರಾಠಿ ವಿದ್ಯಾರ್ಥಿಗೆ ತಿಳಿಯುತ್ತವೆ. ವಿಭಕ್ತಿ, ಕ್ರಿಯಾಪದಗಳು ತಿಳಿಯುವುದಿಲ್ಲ. ಎಲ್ಲಿ ತಿಳಿಯದೆ ನಿಲ್ಲುತ್ತಾನೋ ಅಲ್ಲಿಂದಲೇ ಕನ್ನಡದ ಕಲಿಕೆ ಮೊದಲಾಗುತ್ತದೆ. ಸಂಸ್ಕೃತ-ಕನ್ನಡಗಳನ್ನು ಬೆರೆಸುವ ಬಗೆಯನ್ನು ಕುರಿತು ಶ್ರೀವಿಜಯ ಕೊಟ್ಟ ಎಚ್ಚರಿಕೆಯನ್ನು ಬೋಧಿಸಲು ಅದಕ್ಕಿಂತ ತಕ್ಕ ಗಳಿಗೆ ಇರಲಾರದು.

ಹೊರನಾಡಿನ ವಿಭಾಗಗಳು ಕನ್ನಡ ಮನೆಮಾತಿನ ವಿದ್ಯಾರ್ಥಿಗಳನ್ನು ಮಾತ್ರ ನಂಬಿಕೊಂಡಿದ್ದರೆ ತಲೆಮಾರು ಕಳೆದಂತೆ ತರಗತಿಗಳು ಬರಿದಾಗುವ ಭಯವಿದೆ. ಕನ್ನಡೇತರ ವಿದ್ಯಾರ್ಥಿಯನ್ನು ಅತಿಥಿಯೆಂದು ಬಗೆಯದೆ ಆತನ ನೆಲ, ನುಡಿಗಳನ್ನೇ ಪಠ್ಯದ ಭಾಗವಾಗಿಸಿಕೊಳ್ಳುವ ಕೆಲಸವನ್ನು ಆಯಾ ಪ್ರದೇಶದ ಸಂಶೋಧಕರೇ ಕೈಗೆತ್ತಿಕೊಳ್ಳಬೇಕಾಗಿದೆ.