ಕಪಾಟಿನಲ್ಲಿ ಸಿಕ್ಕ ಬಾವಲಿ

ಸಲೀಂ ಅಲಿ ಹಣ್ಣುಬಾವಲಿಯ ನೆಲೆ ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಕಾಡು. ಆದರೆ ಅದು ಪತ್ತೆಯಾದದ್ದು ಕಾಡಿನಲ್ಲಲ್ಲ, ಸಂಗ್ರಹಾಲಯದ ಕಪಾಟಿನಲ್ಲಿ ಎಂಬುದು ನನ್ನ ವಾದ. 1948ರಲ್ಲಿ ಆಂಗಸ್ ಹಟನ್ ಎಂಬ ಪ್ಲಾಂಟರ್ ತಮಿಳುನಾಡಿನ ಹೈವೇವಿ ಬೆಟ್ಟಗಳಲ್ಲಿ ಅದನ್ನು ಹಿಡಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹ ಸೇರಿದ ಆ ಮಾದರಿಗೆ ಮೋಟುಮೂತಿಯ ಹಣ್ಣುಬಾವಲಿಯ ಹೆಸರು ಅಂಟಿತು. ತೋಟಗಳಿಗೆ ನುಗ್ಗುವ, ಊರೂರಿನಲ್ಲೂ ಕಾಣುವ ಬಾವಲಿ ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಹೆಸರನ್ನು ಯಾರೂ ಪ್ರಶ್ನಿಸಲಿಲ್ಲ. ಕೊನೆಗೆ ಥಾಯ್ಲೆಂಡಿನ ಕಿಟ್ಟಿ ಥೊಂಗ್ಲೋಂಗ್ಯಾ ಆ ಮಾದರಿಯ ಬಾಯಿ ಬಿಡಿಸಿ ನೋಡಿದರು. ಮೋಟುಮೂತಿಗೆ ಮೇಲೂ ಕೆಳಗೂ ಎರಡೆರಡು ಜೊತೆ ಬಾಚಿಹಲ್ಲು, ಪುಟ್ಟದೊಂದು ಬಾಲ. ಇದಕ್ಕೆ ಒಂದೊಂದೇ ಜೊತೆ, ಹೊರಗೆ ಕಾಣುವ ಬಾಲವೇ ಇಲ್ಲ. ಹೊಸ ಪ್ರಭೇದ ಎಂದರೆ ಸಾಲದು ಅನ್ನಿಸಿ, 1972ರಲ್ಲಿ ಹೊಸ ಕುಲವನ್ನೇ ಕಟ್ಟಿ ಲ್ಯಾಟಿಡೆನ್ಸ್ ಸಲೀಮಲೀ ಎಂದು ಹೆಸರಿಟ್ಟರು. ಹಕ್ಕಿಗಳ ಮನುಷ್ಯ ಎನಿಸಿದ ಸಲೀಂ ಅಲಿಯವರ ಹೆಸರು ಬಾವಲಿಗೆ ಸಂದದ್ದು ಸ್ವಾರಸ್ಯವೇ ಸರಿ.

ಹಿಡಿದವರನ್ನು ಬಿಟ್ಟು ಹೆಸರಿಟ್ಟವರಿಗೆ ಕೀರ್ತಿ ಕೊಡುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಹಟನ್ ಇಲ್ಲದಿದ್ದರೆ ನೋಡಲು ಏನೂ ಇರುತ್ತಿರಲಿಲ್ಲ, ನಿಜ. ಆದರೆ ವ್ಯತ್ಯಾಸವನ್ನು ಗುರುತಿಸುವ ಕಣ್ಣು ಬೀಳುವ ತನಕ ಆ ಮಾದರಿ ಹತ್ತರಲ್ಲಿ ಹನ್ನೊಂದನೆಯದಾಗಿತ್ತು. 1993ರಲ್ಲಿ ಪಾಲ್ ಬೇಟ್ಸ್ ಮತ್ತು ಸಂಗಡಿಗರು ಅದೇ ಬೆಟ್ಟಗಳಲ್ಲಿ ಅದನ್ನು ಮತ್ತೆ ಕಂಡುಕೊಂಡದ್ದೂ ಏನನ್ನು ಹುಡುಕಬೇಕೆಂದು ಥೊಂಗ್ಲೋಂಗ್ಯಾ ಅವರ ವಿವರಣೆ ಹೇಳಿಕೊಟ್ಟಿದ್ದರಿಂದಲೇ. ಇದೇ ಮಾತು ಥೊಂಗ್ಲೋಂಗ್ಯಾ ಅವರಿಗೂ ಸಲ್ಲುತ್ತದೆ. ಅವರು 1974ರಲ್ಲಿ ತೀರಿಕೊಂಡರು. ಅವರು ಥಾಯ್ಲೆಂಡಿನ ಸಾಯ್ ಯೋಕ್ ಗುಹೆಗಳಲ್ಲಿ ಸಂಗ್ರಹಿಸಿದ್ದ ಎರಡು ಗ್ರಾಂ ತೂಕದ ಬಾವಲಿಯನ್ನು ಜಾನ್ ಎಡ್ವರ್ಡ್ಸ್ ಹಿಲ್ ವಿವರಿಸಿ ಅವರ ಹೆಸರನ್ನೇ ಇಟ್ಟರು. ಆ ಕೆಲಸದಲ್ಲಿ ಥೊಂಗ್ಲೋಂಗ್ಯಾ ಅವರ ಪಾತ್ರ ಹಟನ್ನರದು: ಹಿಡಿದವರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಹೆಸರಿನಿಂದ ಬಾವಲಿಗೇನು ಬಂತು? 1972ರಲ್ಲೇ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುಬಾವಲಿಗಳನ್ನು ಕಾಗೆ, ಇಲಿಗಳ ಜೊತೆ ಉಪದ್ರವಿಗಳ ಪಟ್ಟಿಗೆ ಹಾಕಿತ್ತು. ಅಂದರೆ ಕೊಂದರೂ ಕೇಳುವವರಿಲ್ಲ. ಮೋಟುಮೂತಿ ಎಂಬ ಹಳೆಯ ಚೀಟಿಯೇ ಉಳಿದಿದ್ದರೆ ಹೈವೇವಿಯ ಬಾವಲಿಯ ಗತಿಯೂ ಅಷ್ಟೇ. ಬೇರೆ ಹೆಸರಿದ್ದ ಕಾರಣ ಅದನ್ನು ಮುಂದೆ ಹುಲಿ, ಆನೆಗಳಿರುವ ಮೊದಲ ಅನುಸೂಚಿಗೆ ಸೇರಿಸಲು ಸಾಧ್ಯವಾಯಿತು. ಬಹುಕಾಲ ಆ ಮಾನ ಪಡೆದ ಇನ್ನೊಂದೇ ಬಾವಲಿ ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯ ರಾಟನ್ ಬಾವಲಿ. ಅದನ್ನು 1913ರಲ್ಲಿ ವಿವರಿಸಿದ ಓಲ್ಡ್‌ಫೀಲ್ಡ್ ಥಾಮಸ್ ಕೂಡ ಮ್ಯೂಸಿಯಂನಲ್ಲೇ, ಲಂಡನ್ನಿನಲ್ಲಿ, ಕೆಲಸ ಮಾಡಿದವರು. ಹೆಸರಾಂತ ಎರಡನ್ನು ಕಾದು, ಪರಾಗ ಹರಡುವ, ಬೀಜ ಬಿತ್ತುವ ಉಳಿದ ಹಣ್ಣುಬಾವಲಿಗಳನ್ನು ಇಲಿಗಳ ಸಾಲಿನಲ್ಲಿ ಬಿಟ್ಟದ್ದು ಅನ್ಯಾಯವೇ. ಆದರೆ ಅದು ಕಾಯ್ದೆ ಬರೆದವರ ತಪ್ಪು, ಹಲ್ಲು ಎಣಿಸಿದವರದ್ದಲ್ಲ. ಆ ಉಪದ್ರವಿ ಪಟ್ಟಿಯನ್ನು ಕಾಯ್ದೆಯಿಂದ ಕಿತ್ತುಹಾಕಲು 2022ರ ತಿದ್ದುಪಡಿಯೇ ಬರಬೇಕಾಯಿತು.