ರಕ್ತಪರೀಕ್ಷೆಯ ಒಂದು ಅಂಕಿ: ಕೊಲೆಸ್ಟರಾಲ್ ಮಾಪನವಿಧಾನಗಳ ವಿಮರ್ಶೆ

ಆಧಾರಗಳಲ್ಲಿ ತರತಮವನ್ನು ಗುರುತಿಸುವುದು ಇತಿಹಾಸದ ವಿದ್ಯಾರ್ಥಿಗೆ ಮೊದಲ ಪಾಠ. ಕಣ್ಣಾರೆ ಕಂಡವನ ಮಾತು ಒಂದು. ಅವನಿಂದ ಕೇಳಿದವನ ಮಾತು ಇನ್ನೊಂದು. ಇವೆರಡನ್ನೂ ಓದಿ ಊಹಿಸಿದವನ ಮಾತು ಮತ್ತೊಂದು. ಮೂರಕ್ಕೂ ಬೆಲೆಯುಂಟು, ಆದರೆ ಸಮಾನವಾದ ಬೆಲೆಯಿಲ್ಲ. ಈ ವಿವೇಕವು ಶಾಸನ, ಬಖೈರುಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸಬೇಕಾಗಿಲ್ಲ. ಇಂದು ಲಕ್ಷಾಂತರ ಜನರ ಕೈಸೇರುವ ಕೊಲೆಸ್ಟರಾಲ್ ಪರೀಕ್ಷೆಯ ವರದಿಯೂ ಒಂದು ಲಿಖಿತ ದಾಖಲೆಯೇ. ರೋಗನಿರ್ಣಯವು ನಮ್ಮ ಅಧಿಕಾರಕ್ಕೆ ಸೇರಿದುದಲ್ಲ. ಆದರೆ ಒಂದು ಅಂಕಿ ಹೇಗೆ ಹುಟ್ಟಿತು, ಅದರ ಪ್ರಾಮಾಣ್ಯವೆಷ್ಟು ಎಂಬ ಪ್ರಶ್ನೆ ಯಾವ ಶಾಸ್ತ್ರದಲ್ಲಿ ಎದ್ದರೂ ಅದು ಇತಿಹಾಸಕಾರನ ಪ್ರಶ್ನೆಯೂ ಹೌದು. ಆ ವರದಿಯಲ್ಲಿ ಅತ್ಯಂತ ಮುಖ್ಯವೆಂದು ಎಣಿಸಲ್ಪಡುವ ಅಂಕಿಯೇ ಬಹುಮಟ್ಟಿಗೆ ಅಳೆದುದಲ್ಲ, ಊಹಿಸಿದ್ದು ಎಂಬುದು ಪ್ರಕೃತ ಲೇಖನದ ವಾದ.

ಮೊದಲು ಒಟ್ಟು ಕೊಲೆಸ್ಟರಾಲಿನ ಮಾಪನವನ್ನು ನೋಡೋಣ. ಹದಿನೆಂಟನೆಯ ಶತಮಾನದಲ್ಲಿ ಪಿತ್ತಾಶಯದ ಕಲ್ಲುಗಳಲ್ಲಿ ಕಂಡುಬಂದ ಈ ವಸ್ತುವಿಗೆ ಮುಂದಿನ ಶತಮಾನದ ಆದಿಯಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಪಿತ್ತ, ಘನ ಎಂಬ ಅರ್ಥದ ಎರಡು ಪದಗಳಿಂದ ಆ ಹೆಸರು ಆಗಿದೆ. 1885ರಲ್ಲಿ ಲೀಬರ್ಮನ್ ಒಂದು ವರ್ಣಕ್ರಿಯೆಯನ್ನು ಗುರುತಿಸಿದನು. ಕೊಲೆಸ್ಟರಾಲಿಗೆ ಅಸಿಟಿಕ್ ಅನ್‌ಹೈಡ್ರೈಡನ್ನೂ ಗಂಧಕಾಮ್ಲವನ್ನೂ ಸೇರಿಸಿದರೆ ಹಸುರು ಬಣ್ಣ ಮೂಡುತ್ತದೆ. ಬಣ್ಣದ ಗಾಢತೆಯಿಂದ ಪ್ರಮಾಣವನ್ನು ತಿಳಿಯಬಹುದು. ಬುರ್ಖಾರ್ಟ್ ಇದನ್ನು ಮುಂದುವರಿಸಿದನು. ವಿಧಾನ ಸರಳವಾಗಿತ್ತು, ಆದರೆ ನಿರ್ದುಷ್ಟವಾಗಿರಲಿಲ್ಲ. ರಕ್ತದಲ್ಲಿರುವ ಕೊಲೆಸ್ಟರಾಲಿನ ಸುಮಾರು ಮೂರರಲ್ಲಿ ಎರಡು ಪಾಲು ಕೊಬ್ಬಿನ ಆಮ್ಲಗಳೊಡನೆ ಕೂಡಿಕೊಂಡು ಎಸ್ಟರ್ ರೂಪದಲ್ಲಿರುತ್ತದೆ. ಆ ರೂಪವು ಬಿಡಿ ಕೊಲೆಸ್ಟರಾಲಿಗಿಂತ ಹೆಚ್ಚು ಬಣ್ಣ ಕೊಡುತ್ತದೆ. ಕಾಮಾಲೆಯ ಹಳದಿ ವಸ್ತುವಾದ ಬಿಲಿರೂಬಿನ್ನೂ ನಡುವೆ ಬಂದು ಅಳತೆಯನ್ನು ಕೆಡಿಸುತ್ತದೆ.

ಈ ದೋಷಗಳನ್ನು ನಿವಾರಿಸುವ ಯತ್ನವೇ ಮುಂದಿನ ದಶಕಗಳ ಕಥೆ. 1934ರಲ್ಲಿ ಷೋನ್‌ಹೈಮರ್ ಮತ್ತು ಸ್ಪೆರಿ ಡಿಜಿಟೊನಿನ್ ಎಂಬ ದ್ರವ್ಯದಿಂದ ಕೊಲೆಸ್ಟರಾಲನ್ನು ಗಸಿಯಾಗಿ ಬೇರ್ಪಡಿಸಿದ ಮೇಲೆ ಅಳೆದರು. 1952ರಲ್ಲಿ ಏಬೆಲ್, ಲೆವಿ, ಬ್ರೋಡಿ, ಕೆಂಡಾಲ್ ಎಂಬ ನಾಲ್ವರು ಸೀರಮ್ಮನ್ನು ಕ್ಷಾರದೊಡನೆ ಕಾಯಿಸಿ ಎಸ್ಟರುಗಳನ್ನು ಒಡೆದು, ಕೊಲೆಸ್ಟರಾಲನ್ನು ದ್ರಾವಕದಲ್ಲಿ ಹೊರತೆಗೆದು, ಅನಂತರ ಬಣ್ಣ ಬರಿಸಿದರು. ಅಮೆರಿಕದ ರೋಗನಿಯಂತ್ರಣ ಕೇಂದ್ರವು ಇತರ ವಿಧಾನಗಳನ್ನು ಒರೆಗೆ ಹಚ್ಚಲು ಆಯ್ದುಕೊಂಡ ಒರೆಗಲ್ಲು ಇದರದೇ ತಿದ್ದಿದ ರೂಪ. 1974ರಲ್ಲಿ ಅಲೈನ್ ಮತ್ತು ಸಂಗಡಿಗರು ಕಿಣ್ವಗಳನ್ನು ಬಳಸುವ ವಿಧಾನವನ್ನು ಪ್ರಕಟಿಸಿದರು. ಒಂದು ಕಿಣ್ವ ಎಸ್ಟರುಗಳನ್ನು ಒಡೆಯುತ್ತದೆ. ಇನ್ನೊಂದು ಕೊಲೆಸ್ಟರಾಲನ್ನು ಉತ್ಕರ್ಷಿಸಿ ಹೈಡ್ರೊಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತದೆ. ಮೂರನೆಯದು ಆ ಪೆರಾಕ್ಸೈಡಿನಿಂದ ಬಣ್ಣ ಬರಿಸುತ್ತದೆ. ಇಂದು ಪ್ರಯೋಗಶಾಲೆಗಳಲ್ಲಿ ಬಹುತೇಕ ಬಳಕೆಯಲ್ಲಿರುವುದು ಇದೇ ಕ್ರಮ. ಒಟ್ಟು ಕೊಲೆಸ್ಟರಾಲಿನ ಅಳತೆಯಲ್ಲಿ ಪಕ್ಷಪಾತದೋಷವೂ ಚದರಿಕೆಯೂ ತಲಾ ನೂರಕ್ಕೆ ಮೂರನ್ನು ಮೀರಬಾರದೆಂದು ಅಮೆರಿಕದ ರಾಷ್ಟ್ರೀಯ ಕೊಲೆಸ್ಟರಾಲ್ ಶಿಕ್ಷಣ ಕಾರ್ಯಕ್ರಮವು ವಿಧಿಸಿತು. ಇಷ್ಟರಮಟ್ಟಿಗೆ ಈ ಅಂಕಿಯನ್ನು ಪ್ರತ್ಯಕ್ಷ ಸಾಕ್ಷ್ಯವೆಂದು ಒಪ್ಪಲು ಅಡ್ಡಿಯಿಲ್ಲ.

ಆದರೆ ವೈದ್ಯರು ಮುಖ್ಯವಾಗಿ ನೋಡುವುದು ಒಟ್ಟು ಮೊತ್ತವನ್ನಲ್ಲ. ಕೊಲೆಸ್ಟರಾಲು ರಕ್ತದಲ್ಲಿ ಲೈಪೊಪ್ರೋಟೀನ್ ಕಣಗಳನ್ನೇರಿ ಸಂಚರಿಸುತ್ತದೆ. 1950ರ ಸುಮಾರಿನಲ್ಲಿ ಬರ್ಕ್ಲಿಯ ಜಾನ್ ಗಾಫ್‌ಮನ್ ಅತಿವೇಗದ ಅಪಕೇಂದ್ರಕ ಯಂತ್ರದಲ್ಲಿ ಈ ಕಣಗಳನ್ನು ಸಾಂದ್ರತೆಗೆ ಅನುಸಾರವಾಗಿ ಬೇರ್ಪಡಿಸಿ, ಅವುಗಳಲ್ಲಿ ಕೆಲವಕ್ಕೂ ಹೃದಯರೋಗಕ್ಕೂ ಸಂಬಂಧವಿದೆಯೆಂದು ತೋರಿಸಿದನು. ಧಮನಿಗಳಿಗೆ ಹಾನಿಕರವೆಂದು ಸಿದ್ಧವಾದ ಎಲ್.ಡಿ.ಎಲ್. ಭಾಗವನ್ನು ತಿಳಿಯಬೇಕಾದರೆ ಆ ಯಂತ್ರವೇ ಬೇಕಾಗಿತ್ತು. ಅದು ದುಬಾರಿಯಾದುದು, ಗಂಟೆಗಟ್ಟಲೆ ತಿರುಗಬೇಕು. ಸಾಮಾನ್ಯ ಆಸ್ಪತ್ರೆಗೆ ಎಟುಕುವಂಥದಲ್ಲ.

ಈ ಕಷ್ಟಕ್ಕೆ ಪರಿಹಾರವಾಗಿ 1972ರಲ್ಲಿ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ ಎಂಬ ಮೂವರು ಒಂದು ಸೂತ್ರವನ್ನು ಮುಂದಿಟ್ಟರು. ಒಟ್ಟು ಕೊಲೆಸ್ಟರಾಲಿನಿಂದ ಎಚ್.ಡಿ.ಎಲ್. ಭಾಗವನ್ನು ಕಳೆಯಬೇಕು, ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆಯಬೇಕು, ಉಳಿದುದೇ ಎಲ್.ಡಿ.ಎಲ್. ಒಟ್ಟು 200, ಎಚ್.ಡಿ.ಎಲ್. 40, ಟ್ರೈಗ್ಲಿಸರೈಡ್ 150 ಮಿಲಿಗ್ರಾಂ ಇದ್ದರೆ ಎಲ್.ಡಿ.ಎಲ್. 130 ಆಯಿತು. ಇಲ್ಲಿ ಐದು ಎಂಬ ಭಾಜಕವು ವಿ.ಎಲ್.ಡಿ.ಎಲ್. ಕಣದಲ್ಲಿ ಟ್ರೈಗ್ಲಿಸರೈಡಿಗೂ ಕೊಲೆಸ್ಟರಾಲಿಗೂ ಇರುವ ಸರಾಸರಿ ಅನುಪಾತ, ಪ್ರಕೃತಿಯ ನಿಯಮವಲ್ಲ. ಸೂತ್ರವನ್ನು ಪರೀಕ್ಷಿಸಿದ್ದು 448 ಮಂದಿಯ ರಕ್ತದಲ್ಲಿ. ಟ್ರೈಗ್ಲಿಸರೈಡ್ 400ನ್ನು ಮೀರಿದರೆ ಇದನ್ನು ಬಳಸಬಾರದೆಂದು ಕರ್ತೃಗಳೇ ಎಚ್ಚರಿಸಿದ್ದರು. ಅವರ ಪ್ರಬಂಧದ ಶೀರ್ಷಿಕೆಯಲ್ಲಿಯೇ ‘ಅಂದಾಜು’ ಎಂಬ ಅರ್ಥದ ಪದವಿದೆ.

ಶಾಸನವನ್ನು ಸಂಪಾದಿಸುವವರು ಅಳಿದ ಅಕ್ಷರಗಳನ್ನು ಊಹೆಯಿಂದ ತುಂಬಿದಾಗ ಅವನ್ನು ಕಂಸದೊಳಗೆ ಇಡುತ್ತಾರೆ. ಮುಂದಿನವರು ಕಂಸವನ್ನು ಬಿಟ್ಟು ಉದ್ಧರಿಸಿದರೆ ಊಹೆಯೇ ಶಾಸನವಾಗಿಬಿಡುತ್ತದೆ. ಈ ಸೂತ್ರಕ್ಕೆ ಒದಗಿದ ಗತಿ ಇದೇ. ಮೂಲಲೇಖಕರು ಕಂಸವನ್ನು ಹಾಕಿದ್ದರು; ಅನಂತರದ ವರದಿಗಳು ಅದನ್ನು ಬಿಟ್ಟುಬಿಟ್ಟವು. ಅಳೆದ ಮೂರು ಅಂಕಿಗಳ ಸಾಲಿನಲ್ಲಿ, ಅದೇ ಅಚ್ಚಿನಲ್ಲಿ, ಎಣಿಸಿದ ನಾಲ್ಕನೆಯದೂ ಕುಳಿತಿತು.

ಸೂತ್ರಕರ್ತೃಗಳ ಸಮರ್ಥನೆಯನ್ನೂ ಇಲ್ಲಿ ಸರಿಯಾಗಿ ತಿಳಿಯಬೇಕು. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸುವುದು ಒರಟು ಲೆಕ್ಕವೆಂದು ಅವರು ಬಲ್ಲರು. ಆದರೆ ಕಳೆಯುವ ಭಾಗವು ಚಿಕ್ಕದು, ಉಳಿಯುವ ಎಲ್.ಡಿ.ಎಲ್. ದೊಡ್ಡದು, ಆದುದರಿಂದ ತಪ್ಪು ನಗಣ್ಯ ಎಂಬುದು ಅವರ ತರ್ಕ. 1972ರಲ್ಲಿ ಇದು ಯುಕ್ತವೇ. 1987ರಲ್ಲಿ ಅಮೆರಿಕದಲ್ಲಿ ಲೊವಾಸ್ಟಾಟಿನ್ ಅಂಗೀಕೃತವಾದ ಮೇಲೆ ಒಂದರ ಹಿಂದೊಂದು ಸ್ಟಾಟಿನ್ ಔಷಧಗಳು ಬಂದವು, ಎಲ್.ಡಿ.ಎಲ್. ಅನ್ನು 70ಕ್ಕಿಂತ ಕೆಳಗೆ ಇಳಿಸುವುದು ಗುರಿಯಾಯಿತು. ಉಳಿಯುವ ಭಾಗವೇ ಚಿಕ್ಕದಾದಾಗ ಹಳೆಯ ತರ್ಕ ಕುಸಿಯಿತು. ಒಬ್ಬನ ಒಟ್ಟು ಕೊಲೆಸ್ಟರಾಲು 180, ಎಚ್.ಡಿ.ಎಲ್. 40, ಟ್ರೈಗ್ಲಿಸರೈಡ್ 350 ಎನ್ನೋಣ. ಸೂತ್ರದಂತೆ ಎಲ್.ಡಿ.ಎಲ್. 70. ಅವನ ರಕ್ತದಲ್ಲಿ ನಿಜವಾದ ಅನುಪಾತ ಐದಲ್ಲದೆ ಏಳಾಗಿದ್ದರೆ ಅದು 90. ಗುರಿ ಮುಟ್ಟಿತೆಂದು ಕಾಗದ ಹೇಳುತ್ತದೆ, ರಕ್ತ ಹೇಳುವುದಿಲ್ಲ. ಇದಲ್ಲದೆ ಮೂರು ಅಳತೆಗಳ ದೋಷಗಳೂ ನಾಲ್ಕನೆಯದರ ತಲೆಗೇ ಬರುತ್ತವೆ. 180ರಲ್ಲಿ ನೂರಕ್ಕೆ ಮೂರರಷ್ಟು ತಪ್ಪೆಂದರೆ ಐದು ಮಿಲಿಗ್ರಾಮಿಗೂ ಹೆಚ್ಚು. 70ರಲ್ಲಿ ಅದು ನೂರಕ್ಕೆ ಏಳನ್ನು ಮೀರುತ್ತದೆ.

2013ರಲ್ಲಿ ಸೆತ್ ಮಾರ್ಟಿನ್ ಮತ್ತು ಸಂಗಡಿಗರು ಹದಿಮೂರು ಲಕ್ಷಕ್ಕೂ ಹೆಚ್ಚು ಅಮೆರಿಕನರ ಪರೀಕ್ಷೆಗಳನ್ನು ಪರಿಶೀಲಿಸಿ, ಒಂದೇ ಭಾಜಕದ ಬದಲು 180 ಕೋಷ್ಟಕಗಳ ಪಟ್ಟಿಯಿಂದ ಅವರವರಿಗೆ ತಕ್ಕ ಭಾಜಕವನ್ನು ಆರಿಸುವ ಕ್ರಮವನ್ನು ಸೂಚಿಸಿದರು. 2020ರಲ್ಲಿ ಸ್ಯಾಂಪ್ಸನ್ ಮತ್ತು ಸಂಗಡಿಗರ ಸಮೀಕರಣವು ಟ್ರೈಗ್ಲಿಸರೈಡ್ 800ರವರೆಗೂ ಲೆಕ್ಕಮಾಡಲು ದಾರಿಮಾಡಿತು. ಎಲ್.ಡಿ.ಎಲ್. 70ಕ್ಕಿಂತ ಕಡಮೆಯಿದ್ದಲ್ಲಿ ನೇರ ಮಾಪನವನ್ನಾಗಲಿ ತಿದ್ದಿದ ಅಂದಾಜನ್ನಾಗಲಿ ಬಳಸುವುದು ಯುಕ್ತವೆಂದು ಅಮೆರಿಕದ 2018ರ ಮಾರ್ಗಸೂಚಿಯೂ ಹೇಳಿತು. ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಹೆಚ್ಚಿನ ಮಹತ್ತ್ವವಿದೆ. ಟ್ರೈಗ್ಲಿಸರೈಡ್ ಏರಿ ಎಚ್.ಡಿ.ಎಲ್. ಇಳಿದಿರುವ ಸ್ಥಿತಿ ಭಾರತೀಯರಲ್ಲಿ ಸಾಮಾನ್ಯವೆಂಬುದು ವೈದ್ಯರಿಗೆ ವಿದಿತ. ಸೂತ್ರವು ತಪ್ಪುವುದು ಇಂಥವರಲ್ಲಿಯೇ.

ಹಾಗಾದರೆ ಸೂತ್ರವನ್ನು ತಳ್ಳಿಹಾಕಿ ನೇರ ಮಾಪನವನ್ನೇ ಹಿಡಿಯಬಾರದೇಕೆ? ಎರಡು ಆಕ್ಷೇಪಗಳಿವೆ. ಮೊದಲನೆಯದಾಗಿ, ‘ನೇರ’ವೆಂದು ಮಾರಾಟವಾಗುವ ವಿಧಾನಗಳೆಲ್ಲ ಸಮಾನವಲ್ಲ, ಆರೋಗ್ಯವಂತರಲ್ಲಿ ಹೊಂದುವ ಫಲಿತಾಂಶ ಕೊಬ್ಬಿನ ವ್ಯತ್ಯಯವಿರುವ ರೋಗಿಗಳಲ್ಲಿ ಹೊಂದದಿರುವುದು 2010ರ ತುಲನೆಯಲ್ಲಿ ಕಂಡುಬಂದಿದೆ. ಅಪಕೇಂದ್ರಕದ ಒರೆಗಲ್ಲಿನಲ್ಲಿಯೂ ಕಡೆಯ ಹೆಜ್ಜೆ ವ್ಯವಕಲನವೇ: ತಳದಲ್ಲಿ ಉಳಿದುದರಿಂದ ಎಚ್.ಡಿ.ಎಲ್. ಕಳೆದು ಎಲ್.ಡಿ.ಎಲ್. ತಿಳಿಯುತ್ತಾರೆ. ಎರಡನೆಯದಾಗಿ, ದೊಡ್ಡ ಚಿಕಿತ್ಸಾ ಪ್ರಯೋಗಗಳಲ್ಲಿ ಅನೇಕವು ಇದೇ ಸೂತ್ರವನ್ನು ಬಳಸಿದವು. ಇಂದಿನ ಗುರಿಗಳು ಆ ಅಂಕಿಗಳ ಮೇಲೆಯೇ ನಿಂತಿವೆ. ಅಳತೆಗೋಲನ್ನು ಬದಲಿಸಿದವನು ಹಿಂದಿನ ದಾಖಲೆಗಳೊಡನೆ ಹೋಲಿಸುವಾಗ ಎಚ್ಚರದಿಂದಿರಬೇಕಾಗುತ್ತದೆ. ಸೂತ್ರವು ಅಗ್ಗವಾಗಿ ಎಲ್ಲೆಡೆಯೂ ಲಭ್ಯವಾದ ಉಪಕಾರವನ್ನೂ ಮರೆಯಲಾಗದು.

ಯಂತ್ರ ನಿರ್ದುಷ್ಟವಾದರೂ ದೇಹವು ಸ್ಥಿರವಲ್ಲ. ಒಬ್ಬನದೇ ಒಟ್ಟು ಕೊಲೆಸ್ಟರಾಲು ದಿನದಿಂದ ದಿನಕ್ಕೆ ನೂರಕ್ಕೆ ಆರರಷ್ಟು, ಟ್ರೈಗ್ಲಿಸರೈಡು ಇಪ್ಪತ್ತಕ್ಕೂ ಮಿಕ್ಕಿ ಏರಿಳಿಯುವುದುಂಟು. ಮಲಗಿದ್ದಾಗ ತೆಗೆದ ರಕ್ತಕ್ಕೂ ನಿಂತಿದ್ದಾಗ ತೆಗೆದುದಕ್ಕೂ ವ್ಯತ್ಯಾಸವುಂಟು. ಆದುದರಿಂದ 200 ಇದ್ದುದು 192 ಆಯಿತೆಂದು ಹಿಗ್ಗುವುದೂ 208 ಆಯಿತೆಂದು ಕುಗ್ಗುವುದೂ ಅಂಕಿಗೆ ಇಲ್ಲದ ಅರ್ಥವನ್ನು ಕೊಟ್ಟಂತೆ.

ನಮ್ಮ ತೀರ್ಮಾನಗಳನ್ನು ಸಂಗ್ರಹಿಸಿ ಹೇಳಬಹುದು. ಎಲ್.ಡಿ.ಎಲ್. ಅಂಕಿಯ ಪಕ್ಕದಲ್ಲಿ ಅದು ಅಳೆದುದೋ ಎಣಿಸಿದ್ದೋ, ಎಣಿಸಿದ್ದಾದರೆ ಯಾವ ಸೂತ್ರದಿಂದ, ರಕ್ತ ತೆಗೆದಾಗ ಉಪವಾಸವಿತ್ತೋ ಇಲ್ಲವೋ ಎಂಬುದನ್ನು ವರದಿಯಲ್ಲಿ ಅಚ್ಚುಮಾಡಬೇಕು. ಒಟ್ಟು ಮೊತ್ತದಿಂದ ಎಚ್.ಡಿ.ಎಲ್. ಮಾತ್ರ ಕಳೆದ ಅಂಕಿಗೆ ಯಾವ ಊಹೆಯ ಭಾಜಕವೂ ಬೇಕಿಲ್ಲ, ಅದನ್ನೂ ಕೊಡಬೇಕು. ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಕಣಗಳ ಸಂಖ್ಯೆಯನ್ನು ಸೂಚಿಸುವ ಅಪೊಲೈಪೊಪ್ರೋಟೀನ್ ಬಿ ಮಾಪನದ ನೆರವನ್ನೂ ಪಡೆಯಬಹುದು. ಒಂದೇ ಪರೀಕ್ಷೆಯಿಂದ ನಿರ್ಣಯಿಸದೆ ಮತ್ತೊಮ್ಮೆ ನೋಡುವುದು ಒಳ್ಳೆಯದು. ಇವುಗಳಲ್ಲಿ ಮೊದಲೆರಡಕ್ಕೆ ಹೊಸ ಯಂತ್ರವಾಗಲಿ ಹೆಚ್ಚಿನ ರಕ್ತವಾಗಲಿ ಬೇಡ; ಒಂದು ಸಾಲು ಶಾಯಿ ಸಾಕು. ಔಷಧವನ್ನು ಏರಿಸುವುದೋ ನಿಲ್ಲಿಸುವುದೋ ಎಂಬ ನಿರ್ಧಾರ ಆ ಅಂಕಿಯನ್ನು ಆಧರಿಸಿರುವಾಗ, ಆ ಒಂದು ಸಾಲನ್ನು ಕೇಳುವ ಹಕ್ಕು ಓದುವವನಿಗೆ ಇದ್ದೇ ಇದೆ.