ಹಂಗುಲ್ ತಿದ್ದುವ ಬಗೆ

ಹೊಸದೊಂದು ಲಿಪಿಯನ್ನು ಕಲಿಯಹೊರಟವರು ಮೊದಲು ಅಕ್ಷರಗಳನ್ನು ಕಣ್ಣಿನಿಂದ ಗುರುತು ಹಿಡಿದು, ಬರೆವಣಿಗೆಯನ್ನು ಮುಂದೆಂದಾದರೂ ನೋಡಿಕೊಂಡರಾಯಿತೆಂದು ಬಿಟ್ಟುಬಿಡುವುದುಂಟು. ಕೊರಿಯದ ಹಂಗುಲ್ ಲಿಪಿಯ ವಿಷಯದಲ್ಲಿ ಮಾತ್ರ, ಮೊದಲ ದಿನವೇ ಪೆನ್ಸಿಲು ಹಿಡಿದು, ಮಾಸಲಾಗಿ ಅಚ್ಚುಮಾಡಿದ ಅಕ್ಷರಗಳ ಮೇಲೆ ತಿದ್ದುವುದೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಈ ಲಿಪಿ ಶತಮಾನಗಳ ಬಳಕೆಯಲ್ಲಿ ತಾನಾಗಿ ರೂಪುಗೊಂಡುದಲ್ಲ. ಸೆಜೊಂಗ್ ಮಹಾರಾಜನು 1443ರಲ್ಲಿ ನಿರ್ಮಿಸಿ, 1446ರಲ್ಲಿ ವಿವರಣ ಗ್ರಂಥಸಮೇತವಾಗಿ ಪ್ರಜೆಗಳಿಗಿತ್ತುದು. ಅದರ ಒಂದೊಂದು ಗೆರೆಗೂ ಕಾರಣವುಂಟು. ಗೆರೆಯನ್ನು ತಾನೇ ಎಳೆದವನಿಗೆ ಆ ಕಾರಣ ಬಹುಬೇಗ ಮನವರಿಕೆಯಾಗುತ್ತದೆ.

ಗಿಯೊಕ್ ಎಂಬ ಮೊದಲ ವ್ಯಂಜನವನ್ನೇ ತೆಗೆದುಕೊಳ್ಳೋಣ. ಅಡ್ಡಗೆರೆಯೊಂದನ್ನು ಎಡದಿಂದ ಬಲಕ್ಕೆಳೆದು, ಪೆನ್ಸಿಲನ್ನೆತ್ತದೆ ಮೂಲೆಯಲ್ಲಿ ತಿರುಗಿಸಿ ಕೆಳಗಿಳಿಸಬೇಕು. ಅದು ಗಂಟಲನ್ನು ಮುಚ್ಚುವ ನಾಲಗೆಯ ಬುಡದ ಚಿತ್ರ. ನಿಯುನ್ ಇದಕ್ಕೆ ವಿಪರೀತ: ಮೊದಲು ಕೆಳಕ್ಕೆ, ಅನಂತರ ಬಲಕ್ಕೆ, ತುದಿಯನ್ನು ಮೇಲಕ್ಕೆತ್ತಿ ಅಂಗುಳನ್ನು ಮುಟ್ಟುವ ನಾಲಗೆಯ ಆಕಾರ. ಮಿಯುಮ್ ಬಾಯಿ, ಶಿಯೊತ್ ಹಲ್ಲು, ಇಯುಂಗ್ ಗಂಟಲಿನ ವೃತ್ತ. ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯವೆಂದು ವ್ಯಾಕರಣದಲ್ಲಿ ಓದಿದ ಕನ್ನಡಿಗನಿಗೆ ಈ ವಿಭಾಗ ಅಪರಿಚಿತವೆನಿಸದು; ಭಾರತದ ಧ್ವನಿವಿಚಾರವು ಬೌದ್ಧ ವಾಙ್ಮಯದೊಡನೆ ಚೀನಕ್ಕೆ ಹೋಗಿ ಅಲ್ಲಿಯ ಶಾಸ್ತ್ರಕ್ಕೆ ಪುಷ್ಟಿಯಿತ್ತಿತು, ಸೆಜೊಂಗನು ಆಶ್ರಯಿಸಿದ್ದು ಆ ಶಾಸ್ತ್ರವನ್ನೇ. ಆದರೆ ಉಚ್ಚಾರಣಸ್ಥಾನವನ್ನು ಅಕ್ಷರದ ಆಕೃತಿಯಲ್ಲಿಯೇ ಬರೆದಿರಿಸಿದ ಪ್ರತಿಭೆ ಅವನದು.

ಗಿಯೊಕ್ಕಿನ ಮಧ್ಯದಲ್ಲಿ ಮತ್ತೊಂದು ಅಡ್ಡಗೆರೆಯನ್ನಿಟ್ಟರೆ ಅದು ಕಿಯುಕ್, ಮಹಾಪ್ರಾಣ. ಪಕಾರದ ಹೊಟ್ಟೆ ಸೀಳಿ ಫಕಾರ ಮಾಡುವ ನಮಗೆ ಈ ಉಪಾಯ ಹೃದ್ಯವಾಗಿ ತೋರುತ್ತದೆ. ದಿಗುತ್ ಬರೆಯುವಾಗ ಮೇಲಣ ಗೆರೆಯನ್ನು ಮೊದಲೆಳೆದು, ಅದರ ಕೆಳಗೆ ನಿಯುನ್ನನ್ನು ಎಳೆಯುತ್ತೇವೆ. ತಿಯುತ್ತಿನಲ್ಲಿ ಎರಡು ಅಡ್ಡಗೆರೆಗಳಾದ ಮೇಲೆ ಅದೇ ನಿಯುನ್. ನುಡಿಯುವಾಗ ಮೂರರಲ್ಲಿಯೂ ನಾಲಗೆಯ ತುದಿ ಮುಟ್ಟುವ ಎಡೆ ಒಂದೇ ಆದಂತೆ, ಬರೆಯುವಾಗ ಕೈಗೂ ಅದೇ ನಿಯುನ್ ಮರಳಿ ಮರಳಿ ಸಿಕ್ಕುತ್ತದೆ.

ಗೆರೆಗಳ ಅನುಕ್ರಮವನ್ನು ಅಲಕ್ಷಿಸಬಾರದು. ಮಿಯುಮ್ ನೋಟಕ್ಕೆ ಬರಿಯ ಚೌಕವಾದರೂ ಒಂದೇ ಬೀಸಿನಲ್ಲಿ ಸುತ್ತತಕ್ಕದ್ದಲ್ಲ: ಎಡದ ನಿಲುಗೆರೆ, ಮೇಲಿನಿಂದ ಬಲಕ್ಕೆ ಮುರಿದಿಳಿಯುವ ಗೆರೆ, ಕಡೆಗೆ ತಳದ ಗೆರೆ. ಬಿಯುಪ್ಪಿಗೆ ನಾಲ್ಕು ಗೆರೆ: ಎರಡು ನಿಲುಗೆರೆಗಳು, ನಡುವಣ ಅಡ್ಡಗೆರೆ, ತಳ. ಇಯುಂಗ್ ವೃತ್ತವು ತುದಿಯಲ್ಲಿ ಮೊದಲಾಗಿ ಎಡಕ್ಕೆ ಇಳಿದು ಸುತ್ತಿ ಬರಬೇಕು. ಪುಸ್ತಕಗಳ ಅಚ್ಚಿನಲ್ಲಿ ಆ ವೃತ್ತದ ನೆತ್ತಿಯ ಮೇಲೊಂದು ಕಿರುಮೊನೆ ಕಾಣುತ್ತದೆ. ಅದು ಕುಂಚ ಕಾಗದವನ್ನು ಮುಟ್ಟಿದ ಗುರುತಷ್ಟೇ ಹೊರತು ಅಕ್ಷರದ ಅಂಗವಲ್ಲ. ಆದಕಾರಣ ತಿದ್ದುವುದಕ್ಕೆ ಪುಸ್ತಕದ ಅಚ್ಚಿಗಿಂತ ಸಮದಪ್ಪದ ಗೆರೆಗಳ ಸರಳ ಮಾದರಿ ಉತ್ತಮ.

ನಿಜವಾದ ಕಷ್ಟವಿರುವುದು ಬಿಡಿ ಅಕ್ಷರಗಳಲ್ಲಲ್ಲ. ಇಂದು ಬಳಕೆಯಲ್ಲಿರುವವು 14 ವ್ಯಂಜನ, 10 ಸ್ವರ. ಸ್ವಲ್ಪ ಶ್ರದ್ಧೆಯಿದ್ದರೆ ಬೇಗನೆ ಕೈವಶವಾಗುತ್ತವೆ. ಅವನ್ನು ಸಾಲಾಗಿ ಬರೆಯದೆ, ಉಚ್ಚಾರದ ಒಂದೊಂದು ಘಟಕವನ್ನು ಒಂದೊಂದು ಚೌಕದಲ್ಲಿ ಕೂಡಿಸಬೇಕಾದುದೇ ಶ್ರಮದ ಕೆಲಸ. ಬಲಬದಿಯಲ್ಲಿ ಸ್ವರ ನಿಂತಿದ್ದರೆ ಗಿಯೊಕ್ಕಿನ ಕಾಲು ಎಡಕ್ಕೆ ಓರೆಯಾಗುತ್ತದೆ; ಸ್ವರವು ಕೆಳಗೆ ಅಡ್ಡ ಮಲಗಿದ್ದರೆ ಕಾಲು ನೆಟ್ಟಗಿಳಿಯುತ್ತದೆ. ಕನ್ನಡಿಗನ ಕಣ್ಣಿಗೆ ಇನ್ನೊಂದು ತೊಡಕುಂಟು. ಹನ್ ಎಂದು ಬರೆಯುವಲ್ಲಿ ಹಿಯುತ್ತಿನ ಬಲಕ್ಕೆ ಸ್ವರವೂ, ಇವೆರಡರ ಅಡಿಯಲ್ಲಿ ನಿಯುನ್ನೂ ಬರುತ್ತವೆ. ಒತ್ತಕ್ಷರದ ರೂಢಿಯುಳ್ಳ ನಾವು ಅದನ್ನು ಹ್ನ ಎಂದು ಓದಿಬಿಡುತ್ತೇವೆ. ನಮ್ಮ ಒತ್ತು ಸ್ವರಕ್ಕೆ ಮುಂಚೆ ಉಚ್ಚರಿತವಾಗತಕ್ಕದ್ದು. ಅವರ ಅಡಿಯ ವ್ಯಂಜನವಾದರೋ ಸ್ವರವಾದ ಬಳಿಕ. ಮತ್ತು ನಮ್ಮ ಒತ್ತು ಸಾಲಿನಿಂದ ಕೆಳಗೆ ಜೋತಾಡಬಹುದು. ಅಲ್ಲಿ ಎಲ್ಲವೂ ಚೌಕದೊಳಗೇ ಅಡಗಬೇಕಾದುದರಿಂದ ಮೇಲಿನವು ಕುಗ್ಗಿ ಅಡಿಯದಕ್ಕೆ ಎಡೆಗೊಡಬೇಕು. ಎಷ್ಟು ಕುಗ್ಗಬೇಕೆಂಬುದನ್ನು ಯಾವ ಸೂತ್ರವೂ ಹೇಳಲಾರದು. ಮಾದರಿಯ ಮೇಲೆ ಸಾವಧಾನವಾಗಿ ತಿದ್ದಿದ ಕೈ ಅದನ್ನು ತಾನೇ ಗ್ರಹಿಸುತ್ತದೆ. ಚುಕ್ಕಿಗೆರೆಗಳಿಂದ ನಾಲ್ಕಾಗಿ ಭಾಗಿಸಿದ ದೊಡ್ಡ ಚೌಕಗಳ ಪುಸ್ತಕದಲ್ಲಿ ಕೊರಿಯದ ಮಕ್ಕಳು ಬರೆದು ಕಲಿಯುವುದು ಇದಕ್ಕಾಗಿಯೇ. ಆದರೆ ಮಾಸಲು ಅಕ್ಷರದ ಆಸರೆಯಲ್ಲಿಯೇ ಬಹುಕಾಲ ನಿಲ್ಲಬಾರದು. ಒಂದು ಚೌಕದಲ್ಲಿ ತಿದ್ದಿದೊಡನೆ ಪಕ್ಕದ ಬರಿದಾದ ಚೌಕದಲ್ಲಿ ಅದನ್ನೇ ಸ್ವತಂತ್ರವಾಗಿ ಬರೆದು, ಎರಡನ್ನೂ ಹೋಲಿಸಿ ನೋಡಬೇಕು.

ಕೈ ಕುದುರಿದ ಮೇಲೆ, 1940ರಲ್ಲಿ ಬೆಳಕಿಗೆ ಬಂದ ಆ 1446ರ ಗ್ರಂಥದ ಪುಟಗಳ ಪ್ರತಿಕೃತಿಯನ್ನು ಅವಶ್ಯ ನೋಡಬೇಕು. ಅಲ್ಲಿ ಬಿಂದು ಆಕಾಶ, ಅಡ್ಡಗೆರೆ ಭೂಮಿ, ನಿಲುಗೆರೆ ಮನುಷ್ಯ. ಇಂದು ನಿಲುಗೆರೆಯ ಬಲಕ್ಕೆ ಗಿಡ್ಡಗೆರೆಯನ್ನೆಳೆದು ಬರೆಯುವ ಆ ಸ್ವರವು ಅಲ್ಲಿ ನಿಲುಗೆರೆಯ ಪಕ್ಕದಲ್ಲೊಂದು ದುಂಡು ಬಿಂದು. ಓಡುವ ಕುಂಚಕ್ಕೆ ಬಿಂದುವಿಗಿಂತ ಗೆರೆಯೇ ಸುಲಭವಾದುದರಿಂದ ಬಿಂದು ಕ್ರಮೇಣ ಗೆರೆಯಾಯಿತು. ಒಮ್ಮೆಯಾದರೂ ಆ ಬಿಂದುಗಳನ್ನಿಟ್ಟು ಸ್ವರಗಳನ್ನೆಲ್ಲ ಬರೆದು ನೋಡಿದರೆ ಅವುಗಳ ರಚನೆ ಸ್ಪಷ್ಟವಾಗುತ್ತದೆ. ನಿತ್ಯದ ಬರೆವಣಿಗೆಗೆ ಇಂದಿನ ಗಿಡ್ಡಗೆರೆಯೇ ಸರಿ.